ಮೀಟರು ಕಾಂಪೌಂಡಿನೊಳಗೆ, ಸೋರಿಕೆ ಬೀದಿಯಲ್ಲಿ

2024ರ ಮಾರ್ಚ್‌ನಲ್ಲಿ ಬೆಂಗಳೂರು ನಗರ ಜಿಲ್ಲಾಡಳಿತ ಖಾಸಗಿ ಟ್ಯಾಂಕರ್ ನೀರಿಗೆ ದರ ನಿಗದಿಪಡಿಸಿತು. ಐದು ಕಿಲೋಮೀಟರ್ ಒಳಗಾದರೆ 6,000 ಲೀಟರಿಗೆ 600 ರೂಪಾಯಿ, 12,000 ಲೀಟರಿಗೆ 1,000 ರೂಪಾಯಿ. ಅಂದರೆ ಸಾವಿರ ಲೀಟರಿಗೆ ಹೆಚ್ಚುಕಡಿಮೆ ನೂರು ರೂಪಾಯಿ, ಅದೂ ಸರ್ಕಾರ ಕಡಿವಾಣ ಹಾಕಿದ ಮೇಲೆ. ಅದೇ ಹೊತ್ತಿನಲ್ಲಿ ಜಲಮಂಡಳಿಯ ಕಾವೇರಿ ನೀರಿಗೆ 2014ರ ದರವೇ ಚಾಲ್ತಿಯಲ್ಲಿತ್ತು. ಮನೆಬಳಕೆಯ ಮೊದಲ 8,000 ಲೀಟರಿಗೆ ಸಾವಿರಕ್ಕೆ 7 ರೂಪಾಯಿ, ಅಪಾರ್ಟ್‌ಮೆಂಟ್‌ಗಳಿಗೆ ಸಾವಿರಕ್ಕೆ 22 ರೂಪಾಯಿ. ಮೀಟರ್, ಸಂವೇದಕಗಳಿಂದ (ಸೆನ್ಸರ್) ಬಳಕೆ ಅಳೆಯುವ, ನಗರದಲ್ಲಿ ಈಗ ಬೆಳೆಯುತ್ತಿರುವ ‘ಸ್ಮಾರ್ಟ್’ ನೀರು ನಿರ್ವಹಣೆಯ ಮಾರುಕಟ್ಟೆಯನ್ನು ಅರ್ಥ ಮಾಡಿಕೊಳ್ಳಬೇಕಾದರೆ ಈ ಎರಡು ದರಗಳ ನಡುವಿನ ಅಂತರವನ್ನು ಮೊದಲು ನೋಡಬೇಕು.

ಲೆಕ್ಕ ಹಾಕಿ ನೋಡೋಣ. ನೂರು ಮನೆಗಳ ಅಪಾರ್ಟ್‌ಮೆಂಟ್, ಮನೆಗೆ ನಾಲ್ಕು ಜನ, ತಲಾ ದಿನಕ್ಕೆ 135 ಲೀಟರ್ ಎಂಬ ಸರ್ಕಾರಿ ಮಾನದಂಡ. ದಿನಕ್ಕೆ 54,000 ಲೀಟರ್ ಬೇಕು. ಮನೆಮನೆಗೂ ಮೀಟರ್ ಅಳವಡಿಸಿ, ಬಳಸಿದಷ್ಟಕ್ಕೇ ಬಿಲ್ ಕೊಟ್ಟು, ಐದರಲ್ಲಿ ಒಂದು ಪಾಲು ನೀರು ಉಳಿಯಿತು ಎಂದಿಟ್ಟುಕೊಂಡರೆ ತಿಂಗಳಿಗೆ 3.24 ಲಕ್ಷ ಲೀಟರ್ ಉಳಿತಾಯ. ಟ್ಯಾಂಕರ್ ದರದಲ್ಲಿ ಅದರ ಬೆಲೆ 32,400 ರೂಪಾಯಿ. ಅಪಾರ್ಟ್‌ಮೆಂಟಿನ ಹಳೆಯ ಕಾವೇರಿ ದರದಲ್ಲಿ ಏಳು ಸಾವಿರ ಚಿಲ್ಲರೆ. ಮೊದಲನೆಯ ಲೆಕ್ಕ ಹಿಡಿದು ನಿವಾಸಿಗಳ ಸಂಘದ ಸಭೆಗೆ ಹೋದರೆ ಮೀಟರ್ ಖರೀದಿಗೆ ಒಪ್ಪಿಗೆ ಸಿಗುತ್ತದೆ. ಎರಡನೆಯದನ್ನು ಹಿಡಿದು ಹೋದರೆ ಚರ್ಚೆ ಮುಂದಿನ ತಿಂಗಳಿಗೆ ಹೋಗುತ್ತದೆ. ಬೆಳ್ಳಂದೂರು, ವರ್ತೂರು, ವೈಟ್‌ಫೀಲ್ಡ್, ಸರ್ಜಾಪುರ ರಸ್ತೆಯ ಕಡೆ ಈ ಮೀಟರುಗಳಿಗೆ ಗಿರಾಕಿ ಇರುವುದಕ್ಕೂ ಮಲ್ಲೇಶ್ವರ, ಬಸವನಗುಡಿಯ ಹಳೆಯ ಬೀದಿಗಳಲ್ಲಿ ಅವುಗಳ ಸುದ್ದಿಯೇ ಕಡಿಮೆ ಇರುವುದಕ್ಕೂ ಪರಿಸರ ಕಾಳಜಿಯ ಹೆಚ್ಚುಕಡಿಮೆ ಕಾರಣವಲ್ಲ. ಗೇಟಿನ ಮುಂದೆ ಟ್ಯಾಂಕರ್ ಬಂದು ನಿಲ್ಲುವ ಕಡೆ ಮೀಟರಿನ ಖರ್ಚು ಬೇಗ ಗಿಟ್ಟುತ್ತದೆ, ಅಷ್ಟೆ. ಜಲಮಂಡಳಿ 2025ರ ಏಪ್ರಿಲ್‌ನಲ್ಲಿ, 2014ರ ನಂತರ ಮೊದಲ ಸಲ, ದರ ಏರಿಸಿದ್ದರಿಂದ ಈ ಅಂತರ ಕೊಂಚ ಇಳಿದಿರಬಹುದು, ಮುಚ್ಚಿಲ್ಲ.

ಈ ಅಂತರದಲ್ಲೇ ಒಂದು ಉದ್ಯಮ ಬೆಳೆದಿದೆ. ಬೆಂಗಳೂರಿನ ಸ್ಮಾರ್ಟರ್‌ಹೋಮ್ಸ್ ಕಂಪನಿಯ ‘ವಾಟರ್‌ಆನ್’, ಚೆನ್ನೈ ಮೂಲದ ವೀಗಾಟ್ ಇವು ಮನೆಗಳ ಬಳಕೆ ಅಳೆಯುತ್ತವೆ. ಇಲ್ಲಿನದೇ ಆದ ಫ್ಲಕ್ಸ್‌ಜೆನ್ ಕಾರ್ಖಾನೆ ಮತ್ತು ದೊಡ್ಡ ಆವರಣಗಳ ನೀರಿನ ಲೆಕ್ಕ ಇಡುತ್ತದೆ. ಬೋಸಾನ್ ವೈಟ್‌ವಾಟರ್ ಅಪಾರ್ಟ್‌ಮೆಂಟಿನ ಸಂಸ್ಕರಣಾ ಘಟಕದಿಂದ ಬಂದ ನೀರನ್ನು ಇನ್ನಷ್ಟು ಶುದ್ಧಗೊಳಿಸಿ ಉದ್ಯಮಗಳಿಗೆ ಮಾರುತ್ತದೆ. ಜಗತ್ತಿನ ದೊಡ್ಡ ಕಂಪನಿಗಳಿಗೂ ಈ ಕ್ಷೇತ್ರದ ರುಚಿ ಹತ್ತಿ ಬಹಳ ಕಾಲವಾಯಿತು. ಅಮೆರಿಕದ ಜೈಲಮ್ 2016ರಲ್ಲಿ ಸೆನ್ಸಸ್ ಎಂಬ ಮೀಟರ್ ಕಂಪನಿಯನ್ನು ಕೊಂಡಾಗ ಕೊಟ್ಟ ಬೆಲೆ 170 ಕೋಟಿ ಡಾಲರ್. ಹೊರದೇಶದಲ್ಲಿ ಇಂಥ ಮೀಟರುಗಳ ಮುಖ್ಯ ಗಿರಾಕಿ ನಗರದ ನೀರು ಸರಬರಾಜು ಸಂಸ್ಥೆ. ಬೆಂಗಳೂರಿನಲ್ಲಿ ನಿವಾಸಿಗಳ ಸಂಘ. ನಮ್ಮ ಮಾರುಕಟ್ಟೆಯ ಬಲವೂ ದೌರ್ಬಲ್ಯವೂ ಇಲ್ಲಿಂದಲೇ ಹುಟ್ಟಿವೆ.

ಮೊದಲು ಬಲದ ಮಾತು. ಇಲ್ಲಿನ ಎಂಜಿನಿಯರುಗಳು ಬಿಡಿಸಿದ ಗಂಟು ಚಿಕ್ಕದಲ್ಲ. ಅನೇಕ ದೇಶಗಳಲ್ಲಿ ಮನೆಗೆ ನೀರು ಬರುವುದು ಒಂದೇ ಪೈಪಿನಲ್ಲಿ, ಆದ್ದರಿಂದ ಒಂದು ಮೀಟರ್ ಸಾಕು. ನಮ್ಮ ಅಪಾರ್ಟ್‌ಮೆಂಟುಗಳಲ್ಲಿ ನೀರು ತಾರಸಿಯ ಟ್ಯಾಂಕಿನಿಂದ ಇಳಿಯುತ್ತದೆ. ಒಂದೊಂದು ಬಚ್ಚಲಿಗೆ ಒಂದೊಂದು ಪೈಪು, ಅಡುಗೆಮನೆಗೆ ಇನ್ನೊಂದು, ಬಟ್ಟೆ ಒಗೆಯುವ ಜಾಗಕ್ಕೆ ಮತ್ತೊಂದು. ಮೂರು ಕೋಣೆಯ ಮನೆಗೆ ನಾಲ್ಕೈದು ಕಡೆಯಿಂದ ನೀರು ಒಳಬರುತ್ತದೆ, ಅಷ್ಟೂ ಕಡೆ ಮೀಟರ್ ಬೇಕು. ಆ ಪೈಪುಗಳು ಇಳಿಯುವುದು ಎರಡು ಗೋಡೆಗಳ ನಡುವಿನ ಡಕ್ಟ್‌ನಲ್ಲಿ. ಒಬ್ಬ ಮನುಷ್ಯ ಅಡ್ಡಲಾಗಿ ನಿಂತರೆ ತುಂಬಿಹೋಗುವ ಆ ಕತ್ತಲ ಕಿಂಡಿಯಲ್ಲಿ ಪಾರಿವಾಳಗಳ ಹಿಕ್ಕೆ, ಪಾಚಿಗಟ್ಟಿದ ಗೋಡೆ, ತುಕ್ಕು ಹಿಡಿದ ಕ್ಲ್ಯಾಂಪುಗಳು. ಕೆಲಸಗಾರ ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಇಳಿದು, ಒಂದು ಕೈಯಲ್ಲಿ ಪೈಪು ಹಿಡಿದು ಇನ್ನೊಂದರಲ್ಲಿ ಮೀಟರ್ ಕೂಡಿಸಬೇಕು. ತಿಂಗಳಿಗೊಮ್ಮೆ ಯಾರೋ ಅಲ್ಲಿಗೆ ಇಳಿದು ಅಂಕಿ ಓದಿ ಬರುವುದು ಆಗದ ಮಾತು. ಹಾಗಾಗಿ ಮೀಟರೇ ರೇಡಿಯೊ ತರಂಗದ ಮೂಲಕ ತನ್ನ ಲೆಕ್ಕ ಹೇಳಬೇಕಾಯಿತು. ಭಾರತದಲ್ಲಿ ಪರವಾನಗಿ ಇಲ್ಲದೆ ಬಳಸಬಹುದಾದ 865ರಿಂದ 868 ಮೆಗಾಹರ್ಟ್ಸ್ ಪಟ್ಟಿಯಲ್ಲಿ, ವರ್ಷಗಟ್ಟಲೆ ಬಾಳುವ ಬ್ಯಾಟರಿಯಿಂದ ಅದು ದಿನಕ್ಕೆ ಹಲವು ಬಾರಿ ಸಂದೇಶ ಕಳಿಸುತ್ತದೆ.

ನೀರಿನ ಗುಣವೂ ಸವಾಲೇ. ಹೊರವಲಯದ ಕೊಳವೆಬಾವಿಗಳ ನೀರು ಗಡಸು. ಬಕೆಟ್ಟಿನ ಅಂಚಿಗೂ ಗೀಸರಿನ ಕಾಯಿಲಿಗೂ ಹತ್ತುವ ಬಿಳಿ ಪೊರೆ ಮೀಟರಿನೊಳಗಿನ ಚಕ್ರಕ್ಕೂ ಹತ್ತುತ್ತದೆ. ಚಕ್ರ ಬಿಗಿದುಕೊಂಡರೆ ಮೀಟರ್ ಕಡಿಮೆ ತೋರಿಸುತ್ತದೆ. ಕಡಿಮೆ ತೋರಿಸಿದರೆ ಯಾರೂ ದೂರು ಕೊಡುವುದಿಲ್ಲ. ಶ್ರವಣಾತೀತ (ಅಲ್ಟ್ರಾಸಾನಿಕ್) ತರಂಗದಿಂದ ಅಳೆಯುವ ಮೀಟರಿನಲ್ಲಿ ತಿರುಗುವ ಭಾಗವಿಲ್ಲ, ಆದರೆ ಬೆಲೆ ಹೆಚ್ಚು, ಮನೆಗೆ ಐದು ಬೇಕೆಂದಾಗ ಇನ್ನೂ ಹೆಚ್ಚು.

ಇಷ್ಟೆಲ್ಲ ಪಟ್ಟ ಮೇಲೆ ಸಿಗುವುದೇನು? ಬಿಲ್ಲಿನಲ್ಲಿ ನ್ಯಾಯ ಸಿಗುತ್ತದೆ. ಇಬ್ಬರಿರುವ ಮನೆಯೂ ಆರು ಜನರಿರುವ ಮನೆಯೂ ಚದರಡಿ ಲೆಕ್ಕದಲ್ಲಿ ನೀರಿನ ಹಣ ಕಟ್ಟುವ ಪದ್ಧತಿ ಹೋಗುತ್ತದೆ. ಅದಕ್ಕಿಂತ ಮುಖ್ಯವಾದದ್ದು ನಸುಕಿನ ಎರಡರಿಂದ ನಾಲ್ಕು ಗಂಟೆಯ ಅಂಕಿ. ಮನೆಯವರೆಲ್ಲ ಮಲಗಿರುವ ಆ ಹೊತ್ತಿನಲ್ಲಿ ಹರಿವು ಸೊನ್ನೆ ಇರಬೇಕು. ಮೊಬೈಲಿನ ರೇಖಾಚಿತ್ರದಲ್ಲಿ ಆಗಲೂ ಒಂದು ತೆಳುವಾದ ಗೆರೆ ಬಿಡದೆ ಎಳೆದಿದ್ದರೆ ಎಲ್ಲೋ ಸೋರಿಕೆ ಇದೆ ಎಂದೇ ಅರ್ಥ. ಬಹಳ ಸಲ ಅದು ಫ್ಲಶ್ ಟ್ಯಾಂಕಿನ ಒಳಗಿನ ರಬ್ಬರ್ ಬಿಲ್ಲೆ. ಸವೆದ ಬಿಲ್ಲೆಯ ಅಂಚಿನಿಂದ ನೀರು ಕಮೋಡಿನ ಗೋಡೆಗುಂಟ ಸದ್ದಿಲ್ಲದೆ ಇಳಿಯುತ್ತಿರುತ್ತದೆ. ನೆಲ ಒದ್ದೆಯಾಗುವುದಿಲ್ಲ, ಕಿವಿಗೆ ಕೇಳಿಸುವುದಿಲ್ಲ, ಬರಿಗಣ್ಣಿಗೆ ಕಾಣುವುದೂ ಅಪರೂಪ. ದಿನಕ್ಕೆ ನೂರಾರು ಲೀಟರ್ ಹೀಗೆ ಹೋಗಬಹುದು. ಕೆಲವೇ ರೂಪಾಯಿಯ ಬಿಲ್ಲೆ ಬದಲಿಸಿದರೆ ನಿಲ್ಲುವ ನಷ್ಟ ಇದು. ಯಾವ ಉಪದೇಶ, ಯಾವ ಭಿತ್ತಿಪತ್ರವೂ ಮಾಡಲಾಗದ ಕೆಲಸವನ್ನು ಆ ಒಂದು ಗೆರೆ ಮಾಡುತ್ತದೆ. ಈ ತಂತ್ರಜ್ಞಾನದ ಬಗ್ಗೆ ನನಗಿರುವ ಗೌರವಕ್ಕೆ ಮುಖ್ಯ ಕಾರಣ ಇದು.

ಆದರೆ ಇದೇ ಉಪಾಯವನ್ನು ನಗರದ ಪೈಪುಗಳಿಗೆ ಅನ್ವಯಿಸಲು ಹೋದಾಗ ಬೆಂಗಳೂರಿನ ನಿಜವಾದ ಕಷ್ಟ ಎದುರಾಗುತ್ತದೆ.

ಜಲಮಂಡಳಿ ಕಾವೇರಿಯಿಂದ ತರುವ ನೀರಿನಲ್ಲಿ ಸುಮಾರು ಶೇ 28ರಷ್ಟು ‘ಲೆಕ್ಕಕ್ಕೆ ಸಿಗದ ನೀರು’ ಎಂಬ ಅಂದಾಜು ವರ್ಷಗಳಿಂದ ವರದಿಯಾಗುತ್ತಿದೆ. ಕಾವೇರಿ ಯೋಜನೆಯ ಐದನೇ ಹಂತ ಬರುವ ಮುನ್ನ ನಗರಕ್ಕೆ ದಿನಕ್ಕೆ 145 ಕೋಟಿ ಲೀಟರ್ ಬರುತ್ತಿತ್ತು. ಅದರಲ್ಲಿ ಶೇ 28 ಎಂದರೆ 40 ಕೋಟಿ ಲೀಟರ್. ಇದೆಲ್ಲವೂ ಮಣ್ಣಿಗೆ ಸೋರಿದ್ದಲ್ಲ, ಅಕ್ರಮ ಸಂಪರ್ಕ, ಕೆಟ್ಟ ಮೀಟರ್, ಬಿಲ್ಲಿಲ್ಲದೆ ಕೊಟ್ಟ ನೀರು ಎಲ್ಲವೂ ಸೇರಿದೆ. ಆದರೂ ಹೋಲಿಸಿ ನೋಡಿ. ಜಪಾನಿನ ಸಾಲ ತಂದು, ವರ್ಷಗಟ್ಟಲೆ ಕಾಮಗಾರಿ ನಡೆಸಿ, 2024ರ ಅಕ್ಟೋಬರ್ 16ರಂದು ತೊರೆಕಾಡನಹಳ್ಳಿಯಲ್ಲಿ ಉದ್ಘಾಟನೆಯಾದ ಕಾವೇರಿ ಐದನೇ ಹಂತದ ಸಾಮರ್ಥ್ಯ ದಿನಕ್ಕೆ 77.5 ಕೋಟಿ ಲೀಟರ್. ಲೆಕ್ಕಕ್ಕೆ ಸಿಗದೆ ಹೋಗುತ್ತಿದ್ದುದು ಅದರ ಅರ್ಧಕ್ಕಿಂತ ಹೆಚ್ಚು. ಹೀಗೆ ಹೋಗುವುದು ಬರೀ ನೀರಲ್ಲ. ಸುಮಾರು ನೂರು ಕಿಲೋಮೀಟರ್ ದೂರದಿಂದ, ತೊರೆಕಾಡನಹಳ್ಳಿ, ಹಾರೋಹಳ್ಳಿ, ತಾತಗುಣಿ ಎಂದು ಮೂರು ಮೆಟ್ಟಿಲುಗಳಲ್ಲಿ ಪಂಪ್ ಮಾಡಿ, ನಾನೂರೈವತ್ತು ಮೀಟರಿಗೂ ಹೆಚ್ಚು ಮೇಲೆತ್ತಿದ ನೀರು ಅದು. ಜಲಮಂಡಳಿಯ ಖರ್ಚಿನಲ್ಲಿ ದೊಡ್ಡ ಪಾಲು ವಿದ್ಯುತ್ತಿಗೇ ಹೋಗುತ್ತದೆ.

ಸೋರಿಕೆ ಹುಡುಕುವ ಶಾಸ್ತ್ರೀಯ ವಿಧಾನ ಎಲ್ಲ ಕಡೆ ಒಂದೇ. ನಗರವನ್ನು ಚಿಕ್ಕ ಚಿಕ್ಕ ವಲಯಗಳಾಗಿ ಕತ್ತರಿಸಿ, ಪ್ರತಿ ವಲಯದ ಬಾಯಿಗೆ ದೊಡ್ಡ ಮೀಟರ್ ಇಟ್ಟು, ನಡುರಾತ್ರಿಯ ಕನಿಷ್ಠ ಹರಿವನ್ನು ನೋಡುವುದು. ಫ್ಲಶ್ ಟ್ಯಾಂಕಿನ ಸೋರಿಕೆ ಹಿಡಿದ ಉಪಾಯವೇ, ಅಳತೆ ಮಾತ್ರ ದೊಡ್ಡದು. ಇದು ಫಲಿಸಬೇಕಾದರೆ ಪೈಪಿನಲ್ಲಿ ಸದಾ ನೀರಿರಬೇಕು, ರಾತ್ರಿ ಬಳಕೆ ಕಡಿಮೆ ಇರಬೇಕು. ಬೆಂಗಳೂರಿನಲ್ಲಿ ಈ ಎರಡೂ ಇಲ್ಲ. ಹೆಚ್ಚಿನ ಬಡಾವಣೆಗಳಿಗೆ ನೀರು ಬರುವುದು ದಿನ ಬಿಟ್ಟು ದಿನ, ಅದೂ ಕೆಲವು ಗಂಟೆ. ವಾಟರ್‌ಮನ್ ಉದ್ದದ ಕಬ್ಬಿಣದ ಕೀಲಿ ಹಿಡಿದು ರಸ್ತೆಯ ಮುಚ್ಚಳ ಎತ್ತಿ ವಾಲ್ವ್ ತಿರುಗಿಸಿದರೆ ಆ ಬೀದಿಗೆ ನೀರು. ಅದು ನಸುಕಿಗೆ ಬಂದರೆ ಮನೆಮನೆಯ ಸಂಪುಗಳು ಆಗಲೇ ಬಾಯ್ದೆರೆದು ತುಂಬಿಕೊಳ್ಳುತ್ತವೆ. ಆ ವಲಯದ ಮೀಟರಿನಲ್ಲಿ ಕಾಣುವ ಹರಿವು ಸೋರಿಕೆಯದೋ ಸಂಪಿನದೋ ಹೇಳುವವರಾರು? ಖಾಲಿ ಪೈಪಿಗೆ ನೀರು ನುಗ್ಗುವಾಗ ಮುಂದೆ ತಳ್ಳಲ್ಪಡುವ ಗಾಳಿಗೂ ಮೀಟರಿನ ಚಕ್ರ ತಿರುಗುತ್ತದೆ. ನಲ್ಲಿಯಲ್ಲಿ ಗಾಳಿ ಬಂದರೂ ಬಿಲ್ ಬರುತ್ತದೆ ಎಂದು ಜನ ದೂರುವುದರಲ್ಲಿ ಸತ್ಯವಿದೆ.

ಹೀಗಾಗಿ ನಗರದ ಜಾಲಕ್ಕೆ ಸಂವೇದಕ ಜೋಡಿಸುವುದು ಅಂಗಡಿಯಿಂದ ಪೆಟ್ಟಿಗೆ ತಂದು ಕೂಡಿಸುವ ಕೆಲಸವಲ್ಲ. ಮೊದಲು ಸರಬರಾಜಿನ ಕ್ರಮವೇ ಬದಲಾಗಬೇಕು. ಅದು ಆಗದ ಕೆಲಸವೇನೂ ಅಲ್ಲ. ವಿಶ್ವಬ್ಯಾಂಕ್ ನೆರವಿನಿಂದ ಹುಬ್ಬಳ್ಳಿ–ಧಾರವಾಡ, ಬೆಳಗಾವಿ, ಕಲಬುರಗಿಯ ಆಯ್ದ ವಾರ್ಡುಗಳಲ್ಲಿ 2008ರ ಸುಮಾರಿಗೇ ದಿನದ 24 ಗಂಟೆಯೂ ನೀರು ಹರಿಯಿತು. ಹಳೆಯ ಪೈಪು ಕಿತ್ತು ಹೊಸದು ಹಾಕಿ, ಪ್ರತಿ ಮನೆಗೆ ಮೀಟರ್ ಕೊಟ್ಟು ಮಾಡಿದ ಕೆಲಸ ಅದು. ಅದನ್ನು ಇಡೀ ನಗರಕ್ಕೆ ಹಬ್ಬಿಸುವುದು ಮಾತ್ರ ವರ್ಷಗಟ್ಟಲೆ ಎಳೆಯಿತು. ನಮ್ಮದೇ ನಾಡಿನ ಈ ಅನುಭವವನ್ನು ಬೆಂಗಳೂರಿನ ಯೋಜಕರು ಸಿಂಗಪುರದ ಉದಾಹರಣೆಯಷ್ಟು ಆಸಕ್ತಿಯಿಂದ ಓದಿಲ್ಲ ಎಂಬುದು ನನ್ನ ಕೊರಗು.

ಇನ್ನು ನೆಲದೊಳಗಿನ ನೀರು. ಬೆಂಗಳೂರು ಬಳಸುವ ನೀರಿನಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಅಂತರ್ಜಲ ಎಂದು ಇಲ್ಲಿನ ವೆಲ್ ಲ್ಯಾಬ್ಸ್ ಸಂಶೋಧಕರು ಅಂದಾಜಿಸಿದ್ದಾರೆ. 2024ರ ಬೇಸಿಗೆಯಲ್ಲಿ ನಗರದ ಸುಮಾರು 13,900 ಸರ್ಕಾರಿ ಕೊಳವೆಬಾವಿಗಳ ಪೈಕಿ 6,900 ಬತ್ತಿವೆ ಎಂದು ಉಪಮುಖ್ಯಮಂತ್ರಿ ಡಿ.ಕೆ. ಶಿವಕುಮಾರ್ ಹೇಳಿದ್ದರು. ಮರುವರ್ಷ ಬೇಸಿಗೆಗೆ ಮುನ್ನ ಜಲಮಂಡಳಿ ಭಾರತೀಯ ವಿಜ್ಞಾನ ಸಂಸ್ಥೆಯ ಜೊತೆಗೂಡಿ ಮಾಡಿಸಿದ ಅಧ್ಯಯನ ಅಂತರ್ಜಲದ ಕುಸಿತವನ್ನು ಪ್ರದೇಶವಾರು ಅಂದಾಜಿಸಿತು. ನಗರದ ಮಧ್ಯಭಾಗದಲ್ಲಿ ಸುಮಾರು 5 ಮೀಟರ್, ಹಿಂದಿನ ನಗರಸಭೆಗಳ ವ್ಯಾಪ್ತಿಯಲ್ಲಿ 10ರಿಂದ 15 ಮೀಟರ್, 2007ರಲ್ಲಿ ಪಾಲಿಕೆಗೆ ಸೇರಿದ 110 ಹಳ್ಳಿಗಳಲ್ಲಿ 20ರಿಂದ 25 ಮೀಟರ್. ಕೊನೆಯ ಸಾಲಿನ ಜಾಗ ಯಾವುದೆಂದು ಗಮನಿಸಿ. ಹೆಚ್ಚು ಸ್ಮಾರ್ಟ್ ಮೀಟರುಗಳು ಮಾರಾಟವಾಗುವ ಅಪಾರ್ಟ್‌ಮೆಂಟುಗಳು ಇರುವ ಪಟ್ಟಿಯೇ ಅದು.

ಒಂದು ಅಪಾರ್ಟ್‌ಮೆಂಟ್ ಐದರಲ್ಲಿ ಒಂದು ಪಾಲು ನೀರು ಉಳಿಸಿದರೆ ಅಷ್ಟು ಟ್ಯಾಂಕರ್ ಕಡಿಮೆ ಬರುತ್ತದೆ ಎಂಬುದು ನಿಜ. ಅಷ್ಟು ನೀರು ನೆಲದಲ್ಲೇ ಉಳಿಯುತ್ತದೆ ಎಂಬುದಕ್ಕೆ ಖಾತರಿ ಇಲ್ಲ. ಬಾವಿಯ ಒಡೆಯ ಅದೇ ನೀರನ್ನು ಪಕ್ಕದ ರಸ್ತೆಯ ಕಟ್ಟಡ ಕಾಮಗಾರಿಗೆ ಮಾರಬಹುದು. ಮೀಟರಿನವನು ಅಳೆಯುವುದು ಟ್ಯಾಂಕರ್ ಸುರಿದ ಮೇಲಿನ ನೀರನ್ನು. ಟ್ಯಾಂಕರ್ ತುಂಬಿಕೊಂಡ ಜಾಗದಲ್ಲಿ ಅಳತೆ ಇಲ್ಲ, ಯಾಕೆಂದರೆ ಅಲ್ಲಿ ಅಳತೆಗೆ ಹಣ ಕೊಡುವ ಗಿರಾಕಿ ಇಲ್ಲ. ಬಾವಿಯ ಒಡೆಯನಿಗೆ ಬೇಡ, ಟ್ಯಾಂಕರಿನವನಿಗೆ ಬೇಡ, ಕೊಳ್ಳುವ ಸಂಘಕ್ಕೆ ಅದು ತನ್ನ ವ್ಯಾಪ್ತಿಯಲ್ಲ. ಮಾರುಕಟ್ಟೆ ತಾನಾಗಿ ಎಂದಿಗೂ ಅಲ್ಲಿಗೆ ಹೋಗುವುದಿಲ್ಲ. ಹೋಗಬೇಕಾದದ್ದು ಸರ್ಕಾರ. ಜಲಮಂಡಳಿ 2024ರಲ್ಲಿ ತನ್ನ ಕೊಳವೆಬಾವಿಗಳಿಗೆ ಇಂಥ ಸಾಧನ ಅಳವಡಿಸುವ ಪ್ರಯೋಗ ಆರಂಭಿಸಿದ್ದು ಸ್ವಾಗತಾರ್ಹ. ಪಂಪು ಒಣಗಿ ಸುಡುವ ಮುನ್ನವೇ ನಿಲ್ಲುತ್ತದೆ, ನೀರಿನ ಮಟ್ಟ ದಿನದಿನವೂ ತಿಳಿಯುತ್ತದೆ. ಆದರೆ ಖಾಸಗಿ ಬಾವಿಗಳ ಮುಂದೆ ಅದು ಸಣ್ಣ ಪಾಲು.

ಅಳತೆಯಿಂದ ಬಾವಿ ತುಂಬುವುದಿಲ್ಲ ಎಂಬುದನ್ನೂ ಹೇಳಬೇಕು. ಬೆಂಗಳೂರಿಗೆ ವರ್ಷಕ್ಕೆ 970 ಮಿಲಿಮೀಟರ್ ಆಸುಪಾಸು ಮಳೆ ಬೀಳುತ್ತದೆ. ಜಲಮಂಡಳಿ ಕಾಯ್ದೆಯ 2009ರ ತಿದ್ದುಪಡಿಯಿಂದ 60×40 ನಿವೇಶನದ ಹಳೆಯ ಕಟ್ಟಡಗಳಿಗೂ 30×40 ನಿವೇಶನದ ಹೊಸ ಕಟ್ಟಡಗಳಿಗೂ ಮಳೆನೀರು ಸಂಗ್ರಹ ಕಡ್ಡಾಯ. ಇಂಗುಬಾವಿ ತೋಡುವ ಕಸುಬು ಬಲ್ಲ ಮಣ್ಣುವಡ್ಡರ ಕುಟುಂಬಗಳು ನಗರದ ಅಂಚಿನಲ್ಲೇ ಇವೆ. ಬಯೋಮ್ ಸಂಸ್ಥೆ ‘ಹತ್ತು ಲಕ್ಷ ಬಾವಿ’ ಅಭಿಯಾನದಲ್ಲಿ ಅವರ ಕೈಯಿಂದಲೇ ಬಾವಿ ತೋಡಿಸಿತು, ಕಬ್ಬನ್ ಪಾರ್ಕಿನ ಹಳೆಯ ಬಾವಿಗಳು ಹೂಳು ಕಳೆದು ಮತ್ತೆ ನೀರು ಕಂಡವು. ಬಾವಿಗೆ ಮಟ್ಟ ಅಳೆಯುವ ಸಂವೇದಕ ಇಳಿಸುವ ಮೊದಲು ಬಾವಿಗೆ ಮಳೆ ಇಳಿಸಬೇಕು. ಎರಡೂ ಸೇರಿದರೆ ಯಾವ ಬೀದಿಯ ಇಂಗುಬಾವಿ ಕೆಲಸ ಮಾಡುತ್ತಿದೆ, ಯಾವುದು ಹೂಳು ತುಂಬಿ ನಿಂತಿದೆ ಎಂಬುದು ಮೊದಲ ಬಾರಿಗೆ ಗೊತ್ತಾಗುತ್ತದೆ. ಆಗ ಅದಕ್ಕೆ ಅರ್ಥವಿದೆ.

ಕಡಿಮೆ ಖರ್ಚಿನ ಸಾಧನಗಳನ್ನೂ ಮರೆಯಬಾರದು. 2024ರಲ್ಲಿ ಜಲಮಂಡಳಿ ವಾಣಿಜ್ಯ ಕಟ್ಟಡಗಳ ನಲ್ಲಿಗಳಿಗೆ, ನೀರಿಗೆ ಗಾಳಿ ಬೆರೆಸಿ ಹರಿವು ತಗ್ಗಿಸುವ ಏರೇಟರ್ ಕಡ್ಡಾಯ ಮಾಡಿತು. ಬೆರಳ ತುದಿಯಷ್ಟಿರುವ ಆ ಜಾಲರಿಗೆ ಬ್ಯಾಟರಿಯೂ ಬೇಡ, ಮಾಸಿಕ ಚಂದಾವೂ ಬೇಡ. ನಿವಾಸಿಗಳ ಸಂಘಗಳು ಲಕ್ಷಗಟ್ಟಲೆ ಸುರಿದು ಮೀಟರ್ ಹಾಕಿಸುವ ಮುನ್ನ ಎಲ್ಲ ನಲ್ಲಿಗೂ ಇದನ್ನು ತಿರುಗಿಸಿ, ಎಲ್ಲ ಫ್ಲಶ್ ಟ್ಯಾಂಕುಗಳ ಬಿಲ್ಲೆ ಬದಲಿಸಿ ನೋಡಬೇಕು.

ಮೀಟರ್ ಕೊಳ್ಳುವಾಗ ಬೆಲೆಯಷ್ಟೇ ಕೇಳಿ ಸುಮ್ಮನಾಗುವ ಸಂಘಗಳೂ ಇವೆ. ಒಪ್ಪಂದದಲ್ಲಿ ನೋಡಬೇಕಾದ ಮಾತು ಬೇರೆ. ಈ ಕಂಪನಿ ನಾಳೆ ಬಾಗಿಲು ಹಾಕಿದರೆ ಇನ್ನೊಬ್ಬರ ತಂತ್ರಾಂಶ ಇದೇ ಮೀಟರಿನ ಅಂಕಿ ಓದಬಲ್ಲದೇ? ಓದಲಾರದಾದರೆ ಡಕ್ಟಿನೊಳಗೆ ಹಗ್ಗ ಕಟ್ಟಿ ಕೂಡಿಸಿದ ಐನೂರು ಮೀಟರುಗಳೂ ವ್ಯರ್ಥ. ಬ್ಯಾಟರಿ ಮುಗಿದ ವರ್ಷ ಬದಲಿಸುವ ಖರ್ಚು ಯಾರದು? ಗಂಟೆ ಗಂಟೆಯ ಬಳಕೆಯ ದತ್ತಾಂಶ ಯಾರ ಬಳಿ ಇರುತ್ತದೆ? ಆ ಅಂಕಿ ಬರೀ ನೀರಿನದಲ್ಲ. ಮನೆಯವರು ಎಷ್ಟು ಹೊತ್ತಿಗೆ ಏಳುತ್ತಾರೆ, ಯಾವಾಗ ಊರಿಗೆ ಹೋಗಿದ್ದಾರೆ, ಮನೆ ಯಾವ ಹೊತ್ತಿನಲ್ಲಿ ಖಾಲಿ ಇರುತ್ತದೆ ಎಂಬುದೆಲ್ಲ ಅದರಲ್ಲಿದೆ. 2023ರ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯನ್ನು ಈ ಒಪ್ಪಂದಗಳ ಪಕ್ಕದಲ್ಲಿಟ್ಟು ಓದುವವರು ಸಂಘದಲ್ಲಿ ಒಬ್ಬರಾದರೂ ಇರಬೇಕು.

ಈ ಮಾರುಕಟ್ಟೆಯ ಕಣ್ಣಿಗೆ ಬೀಳದವರ ಸಂಖ್ಯೆ ದೊಡ್ಡದು. ವಠಾರದ ಒಂದೇ ಸಂಪಿನಿಂದ ಆರು ಸಂಸಾರ ನೀರು ಸೇದುವ ಬೀದಿಗಳಿವೆ, ಅಲ್ಲಿ ಬಾಡಿಗೆಯ ಜೊತೆಗೇ ಮನೆಯೊಡೆಯ ಹೇಳಿದಷ್ಟು ನೀರಿನ ಹಣ. 2024ರ ಬೇಸಿಗೆಯಲ್ಲಿ ಶುದ್ಧ ಕುಡಿಯುವ ನೀರಿನ ಘಟಕಗಳ ಮುಂದೆ ಕ್ಯಾನು ಹಿಡಿದು ಸಾಲುಗಟ್ಟಿದವರು ಇವರೇ. ಐದು ರೂಪಾಯಿ ನಾಣ್ಯ ಹಾಕಿದರೆ ಇಪ್ಪತ್ತು ಲೀಟರ್. ಲೆಕ್ಕ ಮಾಡಿದರೆ ಸಾವಿರ ಲೀಟರಿಗೆ 250 ರೂಪಾಯಿ. ಅದು ಶುದ್ಧೀಕರಿಸಿದ ನೀರು, ಕಾವೇರಿ ದರಕ್ಕೆ ನೇರವಾಗಿ ಹೋಲಿಸಲಾಗದು, ಒಪ್ಪೋಣ. ಆದರೂ ನಗರದಲ್ಲಿ ಹನಿ ಹನಿಗೂ ಲೆಕ್ಕ ಕೊಟ್ಟು ನೀರು ಕೊಳ್ಳುತ್ತಿರುವವರು ಬಡವರು. ಅವರಿಗೆ ಮಿತವ್ಯಯ ಕಲಿಸಲು ಯಾವ ಆ್ಯಪೂ ಬೇಕಿಲ್ಲ. ಅವರಿಗೆ ಬೇಕಾದದ್ದು ಇಂದು ನೀರು ಬರುತ್ತದೆಯೇ, ಬಂದರೆ ಎಷ್ಟು ಗಂಟೆಗೆ ಎಂಬ ಒಂದು ಸಾಲಿನ ಖಚಿತ ಮಾಹಿತಿ. ನೀರಿಗಾಗಿ ಕಾದು ಕೂಲಿ ಕಳೆದುಕೊಳ್ಳುವ ಹೆಂಗಸಿಗೆ ವಾಲ್ವ್ ತೆರೆದ ಕೂಡಲೇ ಮೊಬೈಲಿಗೆ ಬರುವ ಸಂದೇಶ ಇಡೀ ದಿನದ ದುಡಿಮೆ ಉಳಿಸುತ್ತದೆ. ವಾಲ್ವಿಗೆ ಸಂವೇದಕ ಜೋಡಿಸಲು ಇದಕ್ಕಿಂತ ಒಳ್ಳೆಯ ಕಾರಣ ನನಗೆ ಕಾಣುವುದಿಲ್ಲ.

ಜಲಮಂಡಳಿ ಮುಂದೆ ಕರೆಯುವ ಮೀಟರ್, ಸಂವೇದಕಗಳ ಟೆಂಡರುಗಳಲ್ಲಿ ಎರಡು ಷರತ್ತು ಇರಲೇಬೇಕು. ಯಾವ ಕಂಪನಿಯ ಸಾಧನವಾದರೂ ಅದರ ಅಂಕಿಯನ್ನು ಬೇರೆಯವರ ತಂತ್ರಾಂಶ ಓದುವಂತಿರಬೇಕು. ಮತ್ತು ವಾರ್ಡಿಗೆ ಎಷ್ಟು ನೀರು ಬಂತು, ಎಷ್ಟಕ್ಕೆ ಬಿಲ್ ಆಯಿತು ಎಂಬುದು ಪ್ರತಿ ತಿಂಗಳೂ ಸಾರ್ವಜನಿಕವಾಗಿ ಪ್ರಕಟವಾಗಬೇಕು. ಸಾರ್ವಜನಿಕ ಹಣದಿಂದ ಅಳೆದ ನೀರಿನ ಲೆಕ್ಕ ಕಂಪನಿಯ ಸರ್ವರಿನಲ್ಲೋ ಅಧಿಕಾರಿಯ ಕೋಣೆಯ ಪರದೆಯ ಮೇಲೋ ಉಳಿದುಬಿಟ್ಟರೆ ಪ್ರಯೋಜನವಿಲ್ಲ.

ಕಾವೇರಿ ಪೈಪುಗಳ ಕೆಲಸಕ್ಕೆ ವರ್ಷಗಳೇ ಬೇಕು. ಟ್ಯಾಂಕರ್ ತುಂಬುವ ಬಾವಿಗಳಿಗೆ ಮೀಟರ್ ಹಾಕಲು ಅಷ್ಟು ಕಾಲ ಬೇಡ. ಅವು ಎಲ್ಲಿವೆ ಎಂಬುದು ಗುಟ್ಟೂ ಅಲ್ಲ. ಬೆಳಗಿನ ಜಾವ ಲಾರಿಗಳು ಸಾಲಾಗಿ ನಿಂತ ಕಡೆಗೆ ಹೋದರೆ ಸಾಕು, ಸ್ಥಳೀಯರೇ ತೋರಿಸುತ್ತಾರೆ. 2024ರ ಮಾರ್ಚ್‌ನಲ್ಲಿ ಟ್ಯಾಂಕರುಗಳ ನೋಂದಣಿಗೆ ಆದೇಶ ಹೊರಟಿತ್ತು. 2011ರ ಕರ್ನಾಟಕ ಅಂತರ್ಜಲ ಕಾಯ್ದೆ ಬಾವಿಗಳ ನೋಂದಣಿಗೂ ನಿಯಂತ್ರಣಕ್ಕೂ ಅವಕಾಶ ಕೊಟ್ಟಿದೆ. ಇವೆರಡನ್ನೂ ಜೋಡಿಸಿ, ನೀರು ಮಾರುವ ಪ್ರತಿ ಬಾವಿಗೂ ದಿನದ ಹರಿವು ಮತ್ತು ಮಟ್ಟ ತಿಳಿಸುವ ಮೀಟರನ್ನು ಪರವಾನಗಿಯ ಷರತ್ತಾಗಿಸಬಹುದು. ಅಂತರ್ಜಲ ಹೆಚ್ಚು ಕುಸಿಯುತ್ತಿರುವ 110 ಹಳ್ಳಿಗಳಿಂದ ಆರಂಭಿಸಬೇಕು. ಮಟ್ಟ ನಿಗದಿತ ಆಳಕ್ಕಿಂತ ಕೆಳಗಿಳಿದ ದಿನ ಆ ಬಾವಿಯಿಂದ ಟ್ಯಾಂಕರ್ ತುಂಬುವುದನ್ನು ನಿಲ್ಲಿಸಿ, ಆ ಪ್ರದೇಶಕ್ಕೆ ಐದನೇ ಹಂತದ ಕಾವೇರಿ ನೀರನ್ನು ಮೊದಲು ತಿರುಗಿಸಬೇಕು.